ಮಡಿ ಉಟ್ಟ ಬಸ್ಸು

ಪೊಂಯ್, ಪೊಂಯ್ ಎಂದು ಕೆರೆಯ ತಿರುವಿನಲ್ಲಿ ರಬ್ಬರು ಚೆಂಡಿನ ಹಾರನ್ನು ಕೂಗಿತೆಂದರೆ ನಾರಾಯಣಪೇಟೆಯ ನೇಕಾರರ ಬೀದಿಯಲ್ಲಿ ಆಮೇಲೆ ಯಾವ ತಾಯಿಯ ಮಾತೂ ನಡೆಯುತ್ತಿರಲಿಲ್ಲ. ಬಾಯಿಗಿಟ್ಟ ರೊಟ್ಟಿ ಬಾಯಲ್ಲೇ, ಹೇಳುತ್ತಿದ್ದ ಮಗ್ಗಿ ಅರ್ಧಕ್ಕೇ ಬಿಟ್ಟು ಮಕ್ಕಳೆಲ್ಲ ಹೊರಗೆ ಓಡುತ್ತಿದ್ದವು. ನಿಜಾಮರ ಕಾಲ, ಮಕ್ತಲ್ ಕಡೆಗೆ ಹೋಗುತ್ತಿದ್ದುದು ಅದೊಂದೇ ಬಸ್ಸು. ಬೀದಿಯ ಒಂದು ಮಗ್ಗುಲಿಗೆ ನೇಕಾರರು ಗಂಜಿ ಹಚ್ಚಿದ ನೂಲಿನ ಹಾಸನ್ನು ಉದ್ದಕ್ಕೂ ಚಾಚಿ ಒಣಗಿಸುತ್ತಿದ್ದರು. ಅಲ್ಲಿ ಡ್ರೈವರ ಬಸ್ಸನ್ನು ಹೊಸ ಮದುಮಗಳನ್ನು ನಡೆಸಿದಂತೆ ನಡೆಸುತ್ತಿದ್ದ. (ಒಂದು ಎಳೆ ಹರಿದರೂ ನೇಕಾರ ಹೆಂಗಸರು ಅವನ ಏಳು ತಲೆಮಾರನ್ನು ಬಿಡುತ್ತಿರಲಿಲ್ಲ.) ಮಕ್ಕಳಿಗೆ ಅಷ್ಟು ಸಾಕು. ಹಿಂಬದಿಯ ಕಬ್ಬಿಣದ ಏಣಿಗೆ ಜೋತುಬಿದ್ದು ಊರ ಹೊರಗಿನ ಸುಂಕದ ನಾಕಾದವರೆಗೆ ಸವಾರಿ ಮಾಡಿ, ಬಸ್ಸು ಓಟ ಹಿಡಿದ ಮೇಲೆ ಧುಮುಕುತ್ತಿದ್ದವು.

ಈ ದಂಡಿನ ಸರದಾರ ಸುಶೀಲಾಬಾಯಿಯ ಮಗ ಅನಂತ. ಒಂದು ದಿನ ಧುಮುಕಿದವನು ಗಲ್ಲ ಒಡೆದುಕೊಂಡು ಮನೆಗೆ ಬಂದ. ಹಿಂದೆಯೇ ಬರುತ್ತಿದ್ದ ಜೋಡೆತ್ತಿನ ಗಾಡಿಯ ಗಾಲಿ ಅವನ ತಲೆಯ ಪಕ್ಕದಲ್ಲೇ ಹಾದುಹೋಗಿತ್ತೆಂದು ಯಾರೋ ಹೇಳಿದಾಗ ಸುಶೀಲಾಬಾಯಿ ಒಲೆಯ ಮುಂದೆ ಹಾಗೇ ಕುಳಿತುಬಿಟ್ಟಳು. ಅನ್ನ ಸೀದ ವಾಸನೆ ಬಂದರೂ ಏಳಲಿಲ್ಲ.

ಬೈದದ್ದಾಯಿತು. ಕೋಣೆಯಲ್ಲಿ ಕೂಡಿಹಾಕಿದ್ದಾಯಿತು, ಹುಡುಗ ಬೆಳಕಿಂಡಿಯಿಂದ ಇಳಿದು ಹೋದ. ಗಂಡ ವಿಜಯೀಂದ್ರರಾಯರು ತಹಸೀಲ ಕಚೇರಿಯಲ್ಲಿ ಅಹಲ್ಕಾರರು, ಅಂದರೆ ಗುಮಾಸ್ತರು. ಅವರು ಪೂರ್ತಿ ಕೇಳಿ, ಕನ್ನಡಕ ಒರೆಸಿಕೊಂಡು, ಏಣಿ ಬಿಚ್ಚಿಸಲು ಉರ್ದುವಿನಲ್ಲಿ ಒಂದು ದರಖಾಸ್ತು ಹಾಕೋಣವೆಂದರು. (ಅದಕ್ಕೆ ಹುಕುಂ ಬರುವ ಹೊತ್ತಿಗೆ ಅನಂತನ ಮಕ್ಕಳು ಜೋತುಬೀಳುತ್ತಿರುತ್ತವೆಂದು ಹೆಂಡತಿಗೆ ಗೊತ್ತಿತ್ತು.)

ದಾರಿ ತೋರಿಸಿದ್ದು ಅತ್ತೆ ಸರಸ್ವತಿಬಾಯಿ, ತಮಗೇ ತಿಳಿಯದಂತೆ. ಬೆಳಿಗ್ಗೆ ಅವರು ಬಾವಿಯಿಂದ ಮಡಿನೀರಿನ ಕೊಡ ಹೊತ್ತು ಒದ್ದೆ ಸೀರೆಯಲ್ಲಿ ಬರುತ್ತಿದ್ದರು. ಯಮನ ಕೋಣಕ್ಕೂ ದಾರಿ ಬಿಡದ ಅನಂತ ಗೋಡೆಗೆ ಬೆನ್ನು ಹಚ್ಚಿ, ಕೈ ಹಿಂದೆ ಕಟ್ಟಿ, ಹೊಟ್ಟೆಯನ್ನೂ ಒಳಗೆಳೆದುಕೊಂಡು ನಿಂತ. ಅಜ್ಜಿಯ ಮಡಿ ಮುಟ್ಟಿದರೆ ತಣ್ಣೀರು ಸ್ನಾನ, ಮೇಲೆ ಅರ್ಧ ದಿನದ ಬೈಗುಳ.

ಅಂದೇ ಸುಶೀಲಾಬಾಯಿ ಬೀದಿಯ ಮಕ್ಕಳನ್ನೆಲ್ಲ ಕಟ್ಟೆಯ ಮೇಲೆ ಕೂಡಿಸಿ ಗುಟ್ಟಿನ ದನಿಯಲ್ಲಿ ಹೇಳಿದಳು: “ಆ ಬಸ್ಸು ಮಡಿಯೊಳಗ ಅದ. ದಿನಾ ಕೆರಿಯಾಗ ಮಿಂದು ಬರತದ, ನೋಡೀರಿಲ್ಲೊ? ಮಂತ್ರಾಲಯಕ್ಕ ಹೋಗೋ ಮಂದಿ ಅದರಾಗ ಕೂಡತಾರ. ಒಂದು ಮಾರು ದೂರ ನಿಲ್ಲಬೇಕು.”

ಒಳಗೆ ಕೂತವರ ಗತಿ ಏನೆಂದು ಅನಂತ ಕೇಳಿದ. ಅವರೆಲ್ಲ ಮಿಂದು ಮಡಿ ಉಟ್ಟೇ ಹತ್ತುತ್ತಾರೆಂದಳು. ಹಾಗಾದರೆ ಡ್ರೈವರ ಬೀಡಿ ಸೇದುತ್ತಾನಲ್ಲ ಎಂದ. ಕೆಳಗಿಳಿದು ಸೇದುತ್ತಾನೆ, ಮತ್ತೆ ಮೀಯುತ್ತಾನೆ ಎಂದು ಆಕೆ ಕಣ್ಣು ಮಿಟುಕಿಸದೆ ಹೇಳಿದಳು.

ಮರುದಿನ ಹಾರನ್ನು ಕೂಗಿತು. ಮಕ್ಕಳು ಓಡಿಬಂದವು, ಗೋಡೆಗೆ ಬೆನ್ನು ಹಚ್ಚಿ, ಕೈ ಹಿಂದೆ ಕಟ್ಟಿ ಸಾಲಾಗಿ ನಿಂತವು. ಬಸ್ಸು ದೇವರ ಪಲ್ಲಕ್ಕಿಯಂತೆ ಗಂಭೀರವಾಗಿ ಹೋಯಿತು. ಹಾಸಿನ ನೂಲಿಗೆ ಗಂಜಿ ಹಚ್ಚುತ್ತಿದ್ದ ನೇಕಾರರ ನರಸಿಂಹಮ್ಮ ಕುಂಚ ಕೆಳಗಿಟ್ಟು ನಕ್ಕಳು. “ಬಾಯೀ, ಇಷ್ಟು ದಿನ ನಿಮ್ಮ ಮಡಿ ನಮ್ಮನ್ನ ದೂರ ಇಡಾಕಷ್ಟೇ ಐತಿ ಅಂದಕೊಂಡಿದ್ದೆ. ಒಂದು ಉಪಯೋಗಕ್ಕೂ ಬಂತು ನೋಡ್ರಿ.” ಸುಶೀಲಾಬಾಯಿಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ಮಳೆಗಾಲ ಕಳೆಯಿತು. ಯಾರ ಗಲ್ಲವೂ ಒಡೆಯಲಿಲ್ಲ.

ಅಷ್ಟರಲ್ಲಿ ಆ ಬಸ್ಸಿನ ದಾರಿಯಲ್ಲೇ ಇದ್ದ ಉಟ್ಕೂರಿನಲ್ಲಿ ಸುಶೀಲಾಬಾಯಿಯ ನಾದಿನಿಯ ಮಗುವಿಗೆ ತೊಟ್ಟಿಲು ಗೊತ್ತಾಯಿತು. ಸರಸ್ವತಿಬಾಯಿ ಎಂದೂ ಬಸ್ಸು ಹತ್ತಿದವರಲ್ಲ. ಹೋದರೆ ಗಾಡಿ, ಅದರಲ್ಲೂ ತೊಳೆದ ಗೋಣಿ ಹಾಸಿ, ಊರು ಮುಟ್ಟುವವರೆಗೆ ನೀರು ಮುಟ್ಟದೆ. ಈ ಸಲ ಮೊಮ್ಮಗನ ಬಾಯಿಂದ ಬಸ್ಸಿನ ಮಹಿಮೆ ಕೇಳಿ ಸೊಸೆಯನ್ನು ಕರೆದರು. “ಮಡಿಬಸ್ಸು ಬಂದದಂತ. ನನಗೊಂದು ಮಾತು ಹೇಳಬಾರದೇನು, ಸುಶೀಲಾ? ಸುಮ್ನ ಮೈ ಕೈ ನೋಯಿಸಿಕೊಂಡೆ.”

ನಿಜ ಹೇಳಿದರೆ ಸಂಜೆಯೊಳಗೆ ಅದು ಅನಂತನ ಕಿವಿಗೆ ಬೀಳುತ್ತದೆ. ಅಜ್ಜಿಯ ಬಾಯಲ್ಲಿ ಮೊಮ್ಮಗನಿಗೆ ತಿಳಿಯದ ಗುಟ್ಟು ನಿಲ್ಲುತ್ತಿರಲಿಲ್ಲ. ಸುಶೀಲಾಬಾಯಿ ಸುಮ್ಮನಾದಳು. ಆಕೆ ಸುಮ್ಮನಾಗಲು ಇನ್ನೊಂದು ಕಾರಣವಿತ್ತು: ಅತ್ತೆ ಬಸ್ಸಿನಲ್ಲಿ ಹೋದರೆ ಜೊತೆಗೆ ತಾನೂ ಹೋಗಬೇಕು. ಮದುವೆಯಾಗಿ ಬಂದಾಗಿನಿಂದ ಆ ಹಾರನ್ನು ಕೇಳಿದಾಗಲೆಲ್ಲ, ಹಿಟ್ಟಿನ ಕೈಯಲ್ಲೇ ಕಿಟಕಿಗೆ ಬಂದು, ಒಳಗೆ ಕೂತರೆ ಬೇವಿನಮರಗಳು ಹಿಂದಕ್ಕೆ ಹೇಗೆ ಓಡುತ್ತವೆಯೋ ಎಂದು ನೋಡುತ್ತ ನಿಲ್ಲುತ್ತಿದ್ದಳು. ಇದನ್ನು ಯಾರಿಗೂ ಹೇಳಿರಲಿಲ್ಲ.

ಹೊರಡುವ ದಿನ ನಸುಕಿನಲ್ಲೇ ಕುಂಕುಮದ ಬಣ್ಣದ ಹೊಸ ಸೀರೆ ಉಟ್ಟು, ತಂದೆಯೊಡನೆ ಮನೆಯಲ್ಲೇ ಉಳಿಯಲಿದ್ದ ಅನಂತನಿಗೆ ಉಣಿಸಿ, ನೆರೆಮನೆಯ ಕೂಸನ್ನು ಎತ್ತಿ ಮುದ್ದಾಡಿ ಬಂದಳು. ಬಸ್ಸು ನಿಂತಿತು. ಅತ್ತೆಯವರು ಒದ್ದೆ ಸೀರೆಯಲ್ಲಿ ಹತ್ತಿ, ಮುಂದಿನ ಸಾಲಿಗೆ ತಂಬಿಗೆಯ ನೀರು ಚಿಮುಕಿಸಿ ಪ್ರತಿಷ್ಠಾಪಿತರಾದರು. ಮೈಮೇಲೆ ಹನಿ ಬಿದ್ದ ನಾಲ್ಕಾರು ಪ್ರಯಾಣಿಕರು ಎದ್ದು ಹಿಂದಕ್ಕೆ ಹೋದರು. ಕಿಟಕಿಯಿಂದ ಆಜ್ಞೆ ಬಂತು: “ನೀ ಹಿಂದ ಕೂಡು. ನನ್ನ ಮುಟ್ಟಬ್ಯಾಡ.”

ಸುಶೀಲಾಬಾಯಿ ಒಂದು ಕಾಲು ಮೆಟ್ಟಿಲ ಮೇಲಿಟ್ಟಳು.

“ಅಮ್ಮಾ,” ಎಂದ ಅನಂತ ಗೋಡೆಯ ಬಳಿಯಿಂದ. “ನೀ ಮಡಿಯೊಳಗ ಇಲ್ಲಲ್ಲ?”

ಮಕ್ಕಳ ಸಾಲೆಲ್ಲ ಆಕೆಯ ಕಾಲನ್ನೇ ನೋಡುತ್ತಿತ್ತು. ಆಕೆ ಇನ್ನೊಂದು ಕಾಲನ್ನು ನೆಲದಿಂದ ಸ್ವಲ್ಪ ಎತ್ತಿದಳು. ಅನಂತನ ಕೈ ಬೆನ್ನ ಹಿಂದಿನಿಂದ ಮೆಲ್ಲಗೆ ಹೊರಬಂತು. ಕಣ್ಣು ಬಸ್ಸಿನ ಹಿಂಬದಿಯ ಏಣಿಯ ಕಡೆ ಹೊರಳಿತು. ಪಕ್ಕದವನ ಕೈಯೂ ಬಂತು.

“ಹತ್ರೀ ಬಾಯೀ, ಹೊತ್ತಾತು,” ಎಂದ ಡ್ರೈವರ.

ಆಕೆ ಕಾಲು ಕೆಳಗಿಟ್ಟಳು. ಒಂದು ಮಾರು ದೂರ ಸರಿದು ನಿಂತಳು. ಕೈಗಳು ಒಂದೊಂದಾಗಿ ಬೆನ್ನ ಹಿಂದಕ್ಕೆ ಹೋದವು.

ಯಾಕೆ ಹತ್ತಲಿಲ್ಲವೆಂದು ಅತ್ತೆ ಕಿಟಕಿಯಿಂದ ಕೇಳುತ್ತಿರುವಾಗಲೇ ಬಸ್ಸು ಹೊರಟಿತು. ಸುಶೀಲಾಬಾಯಿ ಹೊಸ ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. “ನಾ ನಡಕೋತ ಬರತೀನಿ, ಅತ್ತ್ಯಾ. ಉಟ್ಕೂರೇನು ದೂರ? ನಾಕಾ ದಾಟಿದರ ಹುಣಸಿತೋಪು, ತೋಪು ದಾಟಿದರ ಹಳ್ಳ, ಹಳ್ಳ ದಾಟಿದರ ಯಾವುದಾರ ಗಾಡಿ ಸಿಕ್ಕರೂ ಸಿಕ್ಕೀತು, ಸಿಗದಿದ್ದರ...” ಎನ್ನುತ್ತ ಬಸ್ಸಿನ ಧೂಳಿನ ಹಿಂದೆ ನಡೆದಳು.