ನಾರ್ಬರ್ಟ್ ಕೆಡಿಸಿದ ಎಂಜಿನ್

ತೊಂದರೆ ಶುರುವಾದದ್ದು ಅಂಗೈಯಗಲದ ಒಂದು ಚೀಟಿಯಿಂದ. ಗುರುವಾರ, ಚೆಂಡು ಉರುಳಿಸಿ ಗೂಟ ಬೀಳಿಸುವ ಬೌಲಿಂಗ್ ಆಟಕ್ಕೆ ಹೋದ ಡೊರೀನ್ ಅದನ್ನು ಅಲ್ಲಿನ ಫಲಕಕ್ಕೆ ಸಿಕ್ಕಿಸಿ ಬಂದಿದ್ದಳು: 'ಅರವತ್ತೊಂಬತ್ತನೇ ಇಸವಿಯ ಕಾರು, ಎಂಟು ಸಿಲಿಂಡರ್, ಜಾಗ ಖಾಲಿ ಮಾಡಬೇಕಾಗಿದೆ.' ಶನಿವಾರ ಬೆಳಿಗ್ಗೆ ಗಂಡನ ತಟ್ಟೆಗೆ ಮೊಟ್ಟೆ ಹಾಕುತ್ತ, ಸಂಜೆ ನಾಲ್ಕಕ್ಕೆ ಟೊಲಿಡೊ ಊರಿನ ಕಡೆಯ ಒಬ್ಬರು ಗಾಡಿ ನೋಡಲು ಬರುತ್ತಾರೆ ಎಂದು ತಿಳಿಸಿದಳು.

ನಾರ್ಬರ್ಟ್ ಪ್ಲಿಸ್ಕಾ ಬಾಯಿಗೆ ಹಾಕಿದ್ದನ್ನು ನುಂಗುವುದನ್ನೇ ಮರೆತ.

ಪಾಪದವನು. ನಮ್ಮೂರಿನ ಅಂಚೆ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಕಿಟಕಿಯ ಹಿಂದೆ ಕೂತು ಸ್ಟ್ಯಾಂಪು ಮಾರುತ್ತಾನೆ, ಪೊಟ್ಟಣ ತೂಗುತ್ತಾನೆ, ಊರವರ ಬೈಗುಳ ತಿನ್ನುತ್ತಾನೆ. ಶನಿವಾರ ಒಂದು ದಿನ ಮಾತ್ರ ಆ ಕೆಂಪು ಕಾರಿನ ಬಾನೆಟ್ ಎತ್ತಿ ನಿಂತರೆ ಅವನೂ ಒಬ್ಬ ಮನುಷ್ಯ. ಹನ್ನೊಂದು ವರ್ಷದಲ್ಲಿ ಆ ಎಂಜಿನ್ನಿಗೆ ಅವನು ಹಾಕದ ಭಾಗವಿಲ್ಲ. ಕವಾಟಗಳನ್ನು ಇನ್ನಷ್ಟು ಹೊತ್ತು ತೆರೆದಿಡುವ ಕ್ಯಾಮ್ ಹಾಕಿದ, ಅಗಲದ ಹೊಗೆಕೊಳವೆ ಕೂರಿಸಿದ, ಪಿಸ್ಟನ್ ಬದಲಿಸಿದ. ಏನು ಹಾಕಿದರೂ ಅದು ಬೀದಿಯ ತುದಿಯ ತನಕ ಹೋಗಿ ಅಲ್ಲೊಮ್ಮೆ ಕೆಮ್ಮಿ ನಿಲ್ಲುತ್ತಿತ್ತು. ತಳ್ಳಿಕೊಂಡು ಬರುವಾಗಲೂ ಅವನ ಮುಖದಲ್ಲಿ ನಗು ಇರುತ್ತಿತ್ತು ಅನ್ನಿ. ಮುಂದಿನ ಶನಿವಾರಕ್ಕೆ ಕೆಲಸ ಸಿಕ್ಕಿತಲ್ಲ.

ಡೊರೀನ್ ಕೆಟ್ಟವಳಲ್ಲ, ಅದನ್ನೂ ಹೇಳಬೇಕು. ಆ ಕಾರು ಗ್ಯಾರೇಜಿನಲ್ಲಿ ಬೆಚ್ಚಗಿದ್ದುದಕ್ಕೆ ಅವಳ ಪುಟ್ಟ ಬೂದು ಕಾರು ಹನ್ನೊಂದು ಚಳಿಗಾಲ ಹೊರಗೆ ಹಿಮದಲ್ಲಿ ನಿಂತಿತ್ತು. ಮಿಷಿಗನ್ನಿನ ಜನವರಿಯಲ್ಲಿ ಬೆಳಗಾಗುವ ಮುಂಚೆ ಎದ್ದು, ಗಾಜಿನ ಮೇಲಿನ ಮಂಜುಗಡ್ಡೆ ಕೆರೆದು ಆಸ್ಪತ್ರೆಯ ಕೆಲಸಕ್ಕೆ ಹೋಗುವ ಕಷ್ಟ ಹೋದವರಿಗೇ ಗೊತ್ತು. ಅಕ್ಟೋಬರ್ ಅರ್ಧ ಕಳೆದಿತ್ತು. ಅವಳ ತಾಳ್ಮೆಯೂ ಅಷ್ಟಕ್ಕೇ ಮುಗಿದಿತ್ತು.

"ಬಂದವನು ಬೇಡ ಅಂದ್ರೆ?" ಎಂದು ನಾರ್ಬರ್ಟ್ ಮೆಲ್ಲಗೆ ಕೇಳಿದ.

"ಬೇಡ ಅಂದ್ರೆ ಆಯ್ತು, ಇನ್ನು ಜನ್ಮದಲ್ಲಿ ಮಾರೋ ಮಾತು ಎತ್ತಲ್ಲ. ಆದ್ರೆ ನೀನು ಅವರ ಮುಂದೆ ನಿಂತು ಗಾಡಿ ಸರಿಯಿಲ್ಲ, ಹಾಗೆ, ಹೀಗೆ ಅಂತ ಒಂದು ಮಾತು ಆಡಿದ್ರೂ, ಅದನ್ನ ಗುಜರಿಯವನಿಗೆ ಕೊಟ್ಟುಬಿಡ್ತೀನಿ, ನೋಡ್ಕೋ."

ಬಾಯಿ ಕಟ್ಟಿಹಾಕಿದರೇನು, ಕೈ ಇದೆಯಲ್ಲ. ತಿಂಡಿ ಮುಗಿಸಿದವನೇ ನಾರ್ಬರ್ಟ್ ಗ್ಯಾರೇಜಿಗೆ ಹೋಗಿ, ಸ್ಪಾರ್ಕ್ ಪ್ಲಗ್ಗಿನ ಎರಡು ತಂತಿಗಳನ್ನು ಕಿತ್ತು ಅದಲುಬದಲು ಸಿಕ್ಕಿಸಿದ. ಎಂಜಿನ್ ಚಾಲೂ ಮಾಡಿದಾಗ ಅದು ಗೊಗ್ಗರು ದನಿಯಲ್ಲಿ ಕೆಮ್ಮಿ, ಹಿಂದಿನಿಂದ ಢಮ್ಮೆಂದಿತು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ತಾನು ಅಂದುಕೊಂಡಂತೆಯೇ ಕೆಲಸ ಆಯಿತಲ್ಲ ಎಂದು ಅವನಿಗೆ ತುಂಬ ಸಮಾಧಾನವಾಯಿತು.

ಆದರೆ ಅವನು ಒಂದು ತಪ್ಪು ಮಾಡಿದ್ದ. ಗ್ಯಾರೇಜಿನ ಬಾಗಿಲು ಮುಚ್ಚಿರಲಿಲ್ಲ. ಮುಚ್ಚಿದ್ದರೆ ಹೊಗೆಗೆ ಅವನೇ ಸಾಯುತ್ತಿದ್ದ, ಆ ಮಾತು ಬೇರೆ. ನಮ್ಮ ಬೀದಿಯ ಅರ್ಧ ಜನ ಎಂಜಿನ್ ಕಾರ್ಖಾನೆಯಲ್ಲಿ ಬೆನ್ನು ಸವೆಸಿ ನಿವೃತ್ತರಾದವರು. ಇಲ್ಲಿ ಬಾನೆಟ್ ಎತ್ತಿ ನಿಂತರೆ ಊಟಕ್ಕೆ ಕರೆದ ಹಾಗೆಯೇ ಲೆಕ್ಕ, ಬೇರೆ ಆಮಂತ್ರಣ ಬೇಕಿಲ್ಲ.

ಮೊದಲು ಬಂದವನು ಪಕ್ಕದ ಮನೆಯ ಗಸ್. ಮೂವತ್ತೊಂದು ವರ್ಷ ಎಂಜಿನ್ ಜೋಡಿಸಿದವನು. ಒಂದು ಕೈಯಲ್ಲಿ ಕಾಫಿ, ಇನ್ನೊಂದು ಕೈಯಲ್ಲಿ ಆಗಲೇ ಪಾನಾ. ಏನೂ ಕೇಳದೆ ಬಗ್ಗಿ ಒಂದು ನಿಮಿಷ ನೋಡಿದ. "ಐದನೇದು, ಏಳನೇದು, ಎರಡೂ ತಂತಿ ಅದಲುಬದಲಾಗಿದೆ ಕಣಯ್ಯ. ಹೊಸಬರು ಮಾಡೋ ತಪ್ಪು, ಬೇಜಾರು ಮಾಡ್ಕೋಬೇಡ," ಎಂದು ಸರಿಮಾಡಿದ. ಅಷ್ಟಕ್ಕೇ ಬಿಡಲಿಲ್ಲ ಪುಣ್ಯಾತ್ಮ. ಮನೆಗೆ ಹೋಗಿ ಹೊಸ ತಂತಿಗಳ ಇಡೀ ಕಟ್ಟನ್ನೇ ತಂದು ಎಂಟಕ್ಕೆ ಎಂಟೂ ಬದಲಿಸಿ, ಬೆನ್ನು ತಟ್ಟಿ ಹೋದ.

ಗಸ್‌ಗೆ ನಿಜ ಹೇಳಿಬಿಡೋಣ ಎಂದು ನಾರ್ಬರ್ಟ್‌ಗೆ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಗಸ್‌ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಅವನ ಹೆಂಡತಿಯೋ ಡೊರೀನಳ ಬೌಲಿಂಗ್ ಜೊತೆಗಾತಿ. ಬಾಯಿ ಮುಚ್ಚಿಕೊಂಡ.

ಗಸ್ ಆಚೆ ಹೋದದ್ದೇ ತಡ, ನಾರ್ಬರ್ಟ್ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ತಿರುಪು ಸಡಿಲಿಸಿ ಅದನ್ನು ಒಂದಿಷ್ಟು ತಿರುಗಿಸಿದ. ಕಿಡಿ ಹಾರಬೇಕಾದ ಹೊತ್ತಿಗೆ ಹಾರದೆ ತಡವಾಗಿ ಹಾರತೊಡಗಿತು, ಎಂಜಿನ್ ಸುಸ್ತಾದವರ ಹಾಗೆ ಏದುಸಿರು ಬಿಟ್ಟಿತು. ಎದುರುಮನೆಯಲ್ಲಿ ವೆಲ್ಮಾ ಎಲೆ ಗುಡಿಸುತ್ತಿದ್ದಳು. ಎಪ್ಪತ್ತೆರಡು ವರ್ಷದ ವಿಧವೆ. ತೀರಿಹೋದ ಗಂಡ ಕಾಲು ಮೈಲಿಯ ರೇಸಿನಲ್ಲಿ ಗಾಡಿ ಓಡಿಸುತ್ತಿದ್ದ, ಆ ಗಾಡಿಯ ಎಂಜಿನ್ ಹದ ಮಾಡುತ್ತಿದ್ದವಳು ಇವಳು. ಗುಡಿಸುವ ಕೈ ನಿಲ್ಲಿಸಿ ಕಿವಿಗೊಟ್ಟಳು. ಪೊರಕೆಯನ್ನು ಅಲ್ಲೇ ಒಗೆದು, ಒಳಗಿಂದ ಕಿಡಿಯ ಟೈಮಿಂಗ್ ನೋಡುವ ದೀಪ ತಂದು ರಸ್ತೆ ದಾಟಿದಳು.

"ಕಿಡಿ ಎಂಟು ಡಿಗ್ರಿ ಲೇಟಿದೆ," ಎಂದಳು. "ಅಲ್ಲಿಂದಲೇ ಕೇಳಿಸ್ತು. ಸರೀತೀಯಾ ಸ್ವಲ್ಪ?"

ನಾರ್ಬರ್ಟ್ ಸರಿದ. ಸರಿಯದೆ ಏನು ಮಾಡಿಯಾನು? ವೆಲ್ಮಾ ಕಣ್ಣು ಕಿರಿದು ಮಾಡಿ, ದೀಪ ಹಿಡಿದು, ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ತಿರುಗಿಸಿ ತಿರುಪು ಬಿಗಿದಳು. ಎಂಜಿನ್ನಿನ ದನಿ ಗುಡುಗಿನಂತೆ ತುಂಬಿ ಬಂತು. ವೆಲ್ಮಾಳ ಕಣ್ಣಲ್ಲಿ ನೀರು ಆಡಿತು. ಗಂಡ ಹೋದ ಮೇಲೆ ಆ ದೀಪ ಹಿಡಿದದ್ದು ಇದೇ ಮೊದಲಂತೆ. ನಾರ್ಬರ್ಟ್‌ಗೆ ಅಯ್ಯೋ ಅನಿಸಿತು. ಈ ಮುದುಕಿ ಕೂರಿಸಿದ್ದನ್ನು ಇನ್ನು ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಶಪಥ ಮಾಡಿದ.

ಅಲ್ಲಿಗೆ ಮಧ್ಯಾಹ್ನ ಒಂದೂವರೆ. ಕೆಡಿಸಲು ಉಳಿದದ್ದು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಒಂದೇ. ನಾರ್ಬರ್ಟ್ ಸ್ಕ್ರೂಡ್ರೈವರ್ ಹಿಡಿದು ಅದರ ತಿರುಪುಗಳನ್ನೆಲ್ಲ ಮನಸ್ಸಿಗೆ ಬಂದಂತೆ ತಿರುಗಿಸಿದ. ಪೆಟ್ರೋಲು ಉಕ್ಕಿ, ಗ್ಯಾರೇಜಿನಿಂದ ಕರೀ ಹೊಗೆ ಎದ್ದಿತು. ಹೊಗೆಯ ಒಳಗಿಂದ ಗಸ್ ಮತ್ತೆ ಪ್ರತ್ಯಕ್ಷನಾದ. ಎಳೆ ಮಗುವನ್ನು ಸುತ್ತಿದ ಹಾಗೆ ಏನನ್ನೋ ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡಿದ್ದ.

"ಇದನ್ನ ಯಾರಿಗೂ ಕೊಡಬಾರದು ಅಂತ ಹತ್ತೊಂಬತ್ತು ವರ್ಷ ಇಟ್ಕೊಂಡಿದ್ದೆ," ಎಂದ ಗಸ್. "ನಾಲ್ಕು ಬಾಯಿಯ ಕಾರ್ಬುರೇಟರ್. ನಿನ್ನ ಪಾಡು ಬೆಳಿಗ್ಗೆಯಿಂದ ನೋಡೋಕಾಗ್ತಿಲ್ಲ ನಾರ್ಬ್. ತಗೋ."

ಬೇಡ, ಇಷ್ಟು ಬೆಲೆಬಾಳುವುದನ್ನು ತೆಗೆದುಕೊಳ್ಳಲಾರೆ ಎಂದು ನಾರ್ಬರ್ಟ್ ಗೋಗರೆದ. ಸಂಕೋಚಕ್ಕೆ ಹಾಗನ್ನುತ್ತಾನೆ ಎಂದು ಗಸ್ ಇನ್ನಷ್ಟು ಕರಗಿದ. ವೆಲ್ಮಾಳನ್ನೂ ಕರೆದ. ಇಬ್ಬರೂ ಸೇರಿ ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದರು. ಒಬ್ಬರು ತಿರುಪು ತಿರುಗಿಸುವುದು, ಒಬ್ಬರು ಕಣ್ಣುಮುಚ್ಚಿ ಸದ್ದು ಕೇಳುವುದು. ಗಾಡಿಯ ಒಡೆಯನಿಗೆ ಟಾರ್ಚ್ ಹಿಡಿದು ನಿಲ್ಲುವ ಕೆಲಸ ಸಿಕ್ಕಿತು. ಮೂರೂಮುಕ್ಕಾಲಿಗೆ ವೆಲ್ಮಾ ಎಂಜಿನ್ ಮೇಲೆ ನೀರು ತುಂಬಿದ ಲೋಟ ಇಟ್ಟಳು. ಎಂಜಿನ್ ಓಡುತ್ತಿತ್ತು, ಲೋಟದ ನೀರು ಅಲುಗಲಿಲ್ಲ. ಅಂಗಳದಲ್ಲಿ ಸೇರಿದ್ದ ಏಳೆಂಟು ಜನ ಚಪ್ಪಾಳೆ ತಟ್ಟಿದರು, ನಾರ್ಬರ್ಟ್‌ಗೆ ಅಳು ಬಂದಿತು. ಸಂತೋಷಕ್ಕೆ ಅತ್ತ ಎಂದು ಬೀದಿಯವರು ಇವತ್ತಿಗೂ ನಂಬಿದ್ದಾರೆ.

ಸರಿಯಾಗಿ ನಾಲ್ಕಕ್ಕೆ ಟೊಲಿಡೊದ ಕರ್ಟಿಸ್ ಬಂದ. ಹೊಸದಾಗಿ ನಿವೃತ್ತನಾದ ಗಣಿತದ ಮೇಷ್ಟ್ರು, ಮಾತು ಕಡಿಮೆ. ಗಾಡಿಯನ್ನು ಸುತ್ತಿ ಬಂದ, ಬಾನೆಟ್ಟಿನ ಒಳಗೆ ಇಣುಕಿದ. ನಾರ್ಬರ್ಟ್ ಹೆಂಡತಿಯ ಬೆದರಿಕೆಗೆ ಅಂಜಿ ತುಟಿ ಬಿಗಿದು ನಿಂತಿದ್ದ. ಒಂದು ಸುತ್ತು ಹೋಗಿ ಬರುವುದೆಂದಾಯಿತು. ತಾನು ಪಕ್ಕದಲ್ಲಿ ಕೂತು ಎಂಜಿನ್ನಿನ ಸದ್ದು ಕೇಳಬೇಕು, ಯಾರಾದರೂ ಓಡಿಸಿದರೆ ಉಪಕಾರ ಎಂದ ಕರ್ಟಿಸ್. ಗಂಡನನ್ನು ಕಳಿಸಿದರೆ ದಾರಿಯಲ್ಲಿ ಏನಾದರೂ ಕಿತಾಪತಿ ಮಾಡಿಯಾನೆಂದು ಡೊರೀನ್ ತಾನೇ ಬೀಗದ ಕೈ ತೆಗೆದುಕೊಂಡು ಹತ್ತಿದಳು. ಅವಳು ಆ ಗಾಡಿ ಓಡಿಸಿದ್ದು ಅದೇ ಮೊದಲು.

ಹತ್ತು ನಿಮಿಷ ಎಂದವರು ಬಂದದ್ದು ಐವತ್ತು ನಿಮಿಷಕ್ಕೆ. ಅಷ್ಟೂ ಹೊತ್ತು ನಾರ್ಬರ್ಟ್ ಖಾಲಿ ಗ್ಯಾರೇಜಿನಲ್ಲಿ ನಿಂತಿದ್ದ. ನೆಲದ ಮೇಲೆ ಎಣ್ಣೆಯ ಕಲೆ ಮಾತ್ರ ಇತ್ತು. ಮುಂದಿನ ಶನಿವಾರ ಏನು ಮಾಡುವುದು ಎಂದು ಯೋಚಿಸುತ್ತ ಆ ಕಲೆಯನ್ನೇ ಚಿಂದಿಬಟ್ಟೆಯಿಂದ ಒರೆಸಿದ.

ಗಾಡಿ ಅಂಗಳಕ್ಕೆ ಬಂದು ನಿಂತಿತು. ಕರ್ಟಿಸ್ ಇಳಿದು ಬಂದು ನಾರ್ಬರ್ಟ್‌ನ ಕೈ ಕುಲುಕಿದ. "ಇಷ್ಟು ಚೆನ್ನಾಗಿರೋ ಎಂಜಿನ್ ನಾನು ಕಂಡಿಲ್ಲ ಸ್ವಾಮಿ," ಎಂದ. "ಅದಕ್ಕೇ ನಂಗೆ ಬೇಡ. ಮನೇಲಿ ಹೊತ್ತು ಹೋಗಲ್ಲ, ಕೈಗೊಂದು ಕೆಲಸ ಆಗ್ಲಿ ಅಂತ ಹುಡುಕ್ತಿದೀನಿ. ಇದರಲ್ಲಿ ಮಾಡೋಕೆ ಏನೂ ಉಳಿದಿಲ್ಲ. ತಪ್ಪು ತಿಳೀಬೇಡಿ." ಹೇಳಿದವನೇ ತನ್ನ ದಾರಿ ಹಿಡಿದ.

ನಾರ್ಬರ್ಟ್‌ಗೆ ನೆಲ ಕಾಲಿಗೆ ತಾಗಲಿಲ್ಲ. ಗಸ್‌ನನ್ನು ತಬ್ಬಿದ, ವೆಲ್ಮಾಳ ಕೈಗೆ ಮುತ್ತಿಟ್ಟ. ಡೊರೀನ್ ಮಾತ್ರ ಇಳಿದಿರಲಿಲ್ಲ. ಸ್ಟಿಯರಿಂಗ್ ಹಿಡಿದು ಕೂತೇ ಇದ್ದಳು. ವೆಲ್ಮಾ ಹೋಗಿ ಕಿಟಕಿಗೆ ಬಗ್ಗಿ ಅವಳ ಹತ್ತಿರ ಏನೋ ಮಾತಾಡಿ ಬಂದಳು. ಕೂದಲು ಕೆದರಿತ್ತು, ಕೆನ್ನೆ ಕೆಂಪಾಗಿತ್ತು. ಮದುವೆಯ ಹೊಸದರಲ್ಲಿ ನೋಡಿದ್ದ ಮುಖ ಅದು. ನಾರ್ಬರ್ಟ್ ಹತ್ತಿರ ಹೋಗಿ, ಕೊಟ್ಟ ಮಾತು ನೆನಪಿದೆಯಲ್ಲ ಎಂದು ಕೇಳಿದ.

"ನೆನಪಿದೆ. ಮಾರಲ್ಲ. ಯಾರು ಕೇಳಿದ್ರೂ ಮಾರಲ್ಲ," ಎಂದಳು ಡೊರೀನ್. "ಸೋಮವಾರದಿಂದ ನಾನು ಕೆಲಸಕ್ಕೆ ಇದರಲ್ಲೇ ಹೋಗ್ತೀನಿ. ನಿಂಗೆ ನನ್ನ ಬೂದು ಗಾಡಿ ಇದೆಯಲ್ಲ."

ಅಭ್ಯಾಸಬಲ, ನಾರ್ಬರ್ಟ್‌ನ ಕೈ ತಾನಾಗಿಯೇ ಬಾನೆಟ್ಟಿನ ಕಡೆ ಹೋಯಿತು.

"ಮುಟ್ಬೇಡ," ಎಂದಳು ಡೊರೀನ್. "ಹನ್ನೊಂದು ವರ್ಷ ನೀನು ಮುಟ್ಟಿದ್ದಕ್ಕೇ ಅದು ಓಡ್ಲಿಲ್ಲ ಅಂತ ವೆಲ್ಮಾ ಹೇಳಿದ್ಲು. ಏನಾದ್ರೂ ಆದ್ರೆ ಅವಳೇ ನೋಡ್ಕೋತಾಳೆ. ಶನಿವಾರ ಶನಿವಾರ ಬರ್ತಾಳಂತೆ."

"ನಾನು?" ಎಂದ ನಾರ್ಬರ್ಟ್.

ಡೊರೀನಳಿಗೂ ಅವನ ಮೇಲೆ ಪ್ರೀತಿ ಇಲ್ಲದಿಲ್ಲ. "ಭಾನುವಾರ ಚರ್ಚಿಗೆ ಹೋಗುವಾಗ ಪಕ್ಕದ ಸೀಟಲ್ಲಿ ಕೂತ್ಕೋ," ಎಂದು ಹೇಳಿ, ಗಾಡಿಯನ್ನು ಗ್ಯಾರೇಜಿನೊಳಗೆ ತಂದು ನಿಲ್ಲಿಸಿ, ಬೀಗದ ಕೈಯನ್ನು ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು.