ಕಷಾಯದ ವಿರುದ್ಧ ನನ್ನ ಬಹುಕೇಂದ್ರ ಪ್ರಯೋಗ

೧೯೯೯ನೆಯ ಇಸವಿ, ಜೂನ್ ಹದಿನಾಲ್ಕು, ಸೋಮವಾರ. ಆಕರ: ನಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರು. ಅದರ ಪ್ರತಿ ಚೌಕದಲ್ಲೂ ಆ ದಿನ ಕೊಂಡ ಹಾಲಿನ ಅಳತೆಯನ್ನು ಬರೆದಿಡುವುದು ನನ್ನ ಹೆಂಡತಿ ಗೌರಮ್ಮನ ರೂಢಿ. ಆ ಸೋಮವಾರದ ಚೌಕದಲ್ಲಿ ‘ಒಂದು’ ಎಂಬುದನ್ನು ಹೊಡೆದು ‘ಅರ್ಧ’ ಎಂದು ತಿದ್ದಲಾಗಿದೆ. ದಾವಣಗೆರೆಯ ಎಸ್.ಎಸ್. ಬಡಾವಣೆಯ ನಮ್ಮ ಮನೆಯಲ್ಲಿ ನನ್ನ ಕಾಫಿ ನಿಂತುಹೋದ ದಿನ ಅದೇ ಎಂಬುದಕ್ಕೆ ಇದಕ್ಕಿಂತ ಪ್ರಬಲವಾದ ಸಮಕಾಲೀನ ದಾಖಲೆ ಬೇಕಿಲ್ಲ.

ಕಾರಣ ನನ್ನ ಹೊಟ್ಟೆಯುಬ್ಬರ. ಸಂಜೆ ಮಿರ್ಚಿ-ಮಂಡಕ್ಕಿ ತಿಂದು ಆಮೇಲೆ ನಗಾರಿಯಾಗುವ ಹೊಟ್ಟೆ ಈ ಊರಿನಲ್ಲಿ ನನ್ನೊಬ್ಬನ ಸ್ವತ್ತೇನೂ ಅಲ್ಲ. ಆದರೆ ಗೌರಮ್ಮ ಮಿರ್ಚಿಯನ್ನು ಬಿಟ್ಟು ಕಾಫಿಯನ್ನು ಅಪರಾಧಿಯೆಂದು ಘೋಷಿಸಿದಳು.

“ಇವತ್ತಿಂದ ಜೀರಿಗೆ ಕಷಾಯ. ಹಾಲಿಲ್ಲ, ಕಾಫಿಯಿಲ್ಲ. ನಮ್ಮವ್ವ ಮಲೆಬೆನ್ನೂರಾಗ ಇಡೀ ಓಣಿಗೆ ಇದನ್ನೇ ಕುಡಿಸಿ ನೆಟ್ಟಗೆ ಇಟ್ಟಿದ್ಲು.”

“ಪುರಾವೆ ಏನು?” ಎಂದೆ.

“ಪುರಾವೆ ಅಂದ್ರೆ? ನಾನೇ ಇದೀನಲ್ರೀ ಎದುರಿಗೆ!”

ಜೀವಮಾನವೆಲ್ಲ ಶಾಸನಗಳ ಕಾಲನಿರ್ಣಯ ಮಾಡಿ ನಿವೃತ್ತನಾದವನು ನಾನು. ಸತ್ತ ಅರಸರು ಸ್ವತಃ ಕೆತ್ತಿಸಿದ ತೇದಿಗಳನ್ನೇ ನಾನು ನಂಬಿದವನಲ್ಲ. ಬದುಕಿರುವ ಹೆಂಡತಿಯ ಮಾತನ್ನು ಪರಿಶೀಲಿಸದೆ ನಂಬುವುದುಂಟೆ? ಆಗತಾನೆ ನಮ್ಮ ಬಡಾವಣೆಯ ಹತ್ತಿರ ಒಂದು ಸೈಬರ್ ಅಂಗಡಿ ತೆರೆದಿತ್ತು. ಅಲ್ಲಿ ಕುಳಿತು ಹುಡುಕಿದಾಗ, ಹೊರದೇಶದ ಒಂದು ಸಂಸ್ಥೆ ವೈದ್ಯಕೀಯ ಪ್ರಯೋಗಗಳನ್ನು ಹೇಗೆ ರೂಪಿಸಬೇಕೆಂದು ಇಂಟರ್‌ನೆಟ್ಟಿನ ಮೂಲಕ ಪಾಠ ಹೇಳುತ್ತಿರುವುದು ಕಂಡಿತು. ಶುಲ್ಕವಿಲ್ಲ. ವೈದ್ಯನಾಗಿರಬೇಕೆಂಬ ನಿಬಂಧನೆಯೂ ಇಲ್ಲ. ಸೇರಿಬಿಟ್ಟೆ! ಒಂದು ಪುಟ ಪರದೆಯ ಮೇಲೆ ಇಳಿಯುವಷ್ಟರಲ್ಲಿ ಹೊರಗೆ ಹೋಗಿ ಒಂದು ಪ್ಲೇಟು ಮಿರ್ಚಿ ಮುಗಿಸಿ ಬರಬಹುದಿತ್ತು. ಹಾಗೆಯೇ ಮಾಡುತ್ತಿದ್ದೆ. ವಿದ್ಯೆಯೂ ಹೊಟ್ಟೆಯೂ ಜೊತೆಜೊತೆಯಾಗಿ ಬೆಳೆದವು.

ಪಾಠದ ಸಾರ ಇಷ್ಟು. ಜನರನ್ನು ಎರಡು ಗುಂಪು ಮಾಡಬೇಕು. ಒಂದಕ್ಕೆ ನಿಜವಾದ ಮದ್ದು, ಇನ್ನೊಂದಕ್ಕೆ ಅದರಂತೆಯೇ ಕಾಣುವ ಹುಸಿಮದ್ದು. ಯಾರು ಯಾವ ಗುಂಪಿಗೆ ಎಂಬುದನ್ನು ನಾಣ್ಯ ಚಿಮ್ಮಿದಂತೆ ಅದೃಷ್ಟಕ್ಕೆ ಬಿಡಬೇಕು. ಯಾವ ಡಬ್ಬಿಯಲ್ಲಿ ಏನಿದೆ ಎಂಬುದು ತೆಗೆದುಕೊಳ್ಳುವವನಿಗೂ ತಿಳಿಯಬಾರದು, ಕೊಡುವವನಿಗೂ ತಿಳಿಯಬಾರದು. ಎರಡು ಗುಂಪಿಗೂ ಒಂದೇ ಫಲ ಸಿಕ್ಕರೆ ಮದ್ದಿನಲ್ಲಿ ಮಹಿಮೆ ಇಲ್ಲ. ಅರ್ಥಾತ್, ನನ್ನ ಕಾಫಿ ನನಗೆ!

ಕರಾರು ಗೌರಮ್ಮನಿಗೂ ಒಪ್ಪಿಗೆಯಾಯಿತು. “ನಿಮ್ಮ ಪರೀಕ್ಷೆಯಾಗ ನಮ್ಮವ್ವನ ಕಷಾಯ ಸೋತ್ರೆ ಕಾಫಿ ಮಾಡ್ಕೊಡ್ತೀನಿ. ಗೆದ್ರೆ ಮತ್ತೆ ಕಾಫಿ ಹೆಸರು ಎತ್ತಬಾರ್ದು ನೋಡ್ರಿ.”

ಕಷಾಯದ ಪುಡಿಯಂತೆಯೇ ಕಾಣುವ ಹುಸಿಮದ್ದನ್ನು ನಾನೇ ರೂಪಿಸಿದೆ: ಹುರಿದ ಗೋಧಿಹಿಟ್ಟು, ಬೆಲ್ಲದ ಪುಡಿ, ಬಣ್ಣಕ್ಕೂ ವಾಸನೆಗೂ ಚೂರು ಒಣಶುಂಠಿ. ಸ್ಟೀಲ್ ಡಬ್ಬಿಗಳಿಗೆ ‘ಒಂದು’, ‘ಎರಡು’ ಎಂಬ ಚೀಟಿ ಅಂಟಿಸಿದೆ. ಕೊಡುವವನಾದ ನನಗೆ ಒಳಗಿನದು ತಿಳಿಯಬಾರದಲ್ಲ? ಆದ್ದರಿಂದ ತುಂಬುವ ಹೊಣೆಯನ್ನು ಗೌರಮ್ಮನಿಗೆ ಒಪ್ಪಿಸಿ, ನಿಯಮಾನುಸಾರ ಗೋಡೆಯ ಕಡೆಗೆ ಮುಖಮಾಡಿ ಕುಳಿತೆ. ಈ ನಿಯಮವನ್ನು ನಾನು ಎಷ್ಟು ಶ್ರದ್ಧೆಯಿಂದ ಪಾಲಿಸಿದೆನೆಂದರೆ, ಕಡೆಯವರೆಗೂ ನನಗೆ ಏನೆಂದರೆ ಏನೂ ತಿಳಿಯಲಿಲ್ಲ!

ಪ್ರಯೋಗಕ್ಕೆ ಒಳಗಾಗುವವರ ಲಿಖಿತ ಒಪ್ಪಿಗೆ ಬೇಕೆಂದು ಪಾಠ ಹೇಳಿತ್ತು. ಮೊದಲು ಹೋದದ್ದು ಪಕ್ಕದ ಮನೆಯ ಬಸಣ್ಣನವರಲ್ಲಿಗೆ. ಎಣ್ಣೆ ವ್ಯಾಪಾರ ಮಾಡಿ ಮಕ್ಕಳಿಗೆ ಬಿಟ್ಟುಕೊಟ್ಟವರು. ಮಿರ್ಚಿ ಅಂಗಡಿಯಲ್ಲಿ ನನ್ನ ನಿತ್ಯದ ಸಹಭೋಜಿ.

“ಇದರಿಂದ ತೊಂದ್ರೆ ಏನಾರ ಆಗುತ್ತೇನ್ರಿ?” ಎಂದರು.

“ಏನೂ ಆಗುವುದಿಲ್ಲ.”

“ಏನೂ ಆಗಲ್ಲ ಅಂದ್ರೆ ಸೈನ್ ಯಾಕ್ರೀ?”

ಕಾಗದವನ್ನು ಅವರ ಮುಂದೆ ಸರಿಸಿದೆ. ಅವರು ಕನ್ನಡಕ ಹಾಕಿಕೊಂಡು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, ಎಲ್ಲಿಯೂ ತಮ್ಮ ಸೈಟಿನ ನಂಬರು ಇಲ್ಲವೆಂದು ಖಾತ್ರಿಯಾದ ಮೇಲೆಯೇ ರುಜು ಹಾಕಿದರು. ಅವರು ಹಾಕಿದರೆಂದು ಓಣಿಯವರೆಲ್ಲ ಹಾಕಿದರು. ಕಾಗದವನ್ನು ಓದಿದವರು ಇನ್ನಾರೂ ಇಲ್ಲ.

ಒಂದೇ ಊರಿನ ಪ್ರಯೋಗಕ್ಕಿಂತ ಬೇರೆ ಬೇರೆ ಕೇಂದ್ರಗಳ ಪ್ರಯೋಗಕ್ಕೆ ತೂಕ ಹೆಚ್ಚು ಎಂದೂ ಪಾಠದಲ್ಲಿತ್ತು. ನನ್ನ ಎರಡನೆಯ ಕೇಂದ್ರ ಹರಿಹರ! ಅಲ್ಲಿ ಗೌರಮ್ಮನ ತಮ್ಮ ಚಂದ್ರಪ್ಪನ ಬಟ್ಟೆ ಅಂಗಡಿ ಇತ್ತು. ಚೀಲದ ತುಂಬ ಡಬ್ಬಿ ಹೊತ್ತು ಬಸ್ಸಿನಲ್ಲಿ ಹೋದೆ. ಅಂಗಡಿಯಲ್ಲೇ ನಾಣ್ಯ ಚಿಮ್ಮಿದೆ. ಅವನಿಗೆ ‘ಎರಡು’ ಬಂತು. ಮುಖ ಕೆಂಪಾಯಿತು.

“ಯಾಕ ಭಾವ, ನಿಮ್ಮ ಮಗಳ ಮದುವ್ಯಾಗ ನಮ್ಮನ್ನ ಎರಡನೇ ಪಂಕ್ತಿಗೆ ಕೂಡ್ಸಿದ್ರಿ. ಈಗ ಡಬ್ಬೀನೂ ಎರಡನೇದೇ ಏನು?”

“ಇದು ನಾಣ್ಯದ ತೀರ್ಮಾನ, ಚಂದ್ರಪ್ಪ. ವಿಜ್ಞಾನ.”

“ವಿಜ್ಞಾನಕ್ಕೆ ಬೀಗರು ಗೊತ್ತಾಗಲ್ಲೇನು? ಅದೆಲ್ಲ ಬ್ಯಾಡ, ಒಂದನೇದು ಕೊಡ್ರಿ.”

ಕೊಡಲಿಲ್ಲ. ಎಲ್ಲ ಡಬ್ಬಿಗಳ ಚೀಟಿ ಕಿತ್ತು, ಅವನದೇ ಅಂಗಡಿಯ ದಾರ ಕೇಳಿ ತೆಗೆದುಕೊಂಡು, ಒಂದನೆಯದಕ್ಕೆ ಕೆಂಪು, ಎರಡನೆಯದಕ್ಕೆ ಹಸಿರು ಕಟ್ಟಿದೆ. ವಿಜ್ಞಾನದ ಮಾನವೂ ಉಳಿಯಿತು, ಬೀಗತನವೂ ಉಳಿಯಿತು.

ಫಲಿತಾಂಶವನ್ನು ಅಳತೆಯಲ್ಲಿ ಹೇಳಬೇಕಷ್ಟೆ? ದರ್ಜಿಯ ಟೇಪು ಹಿಡಿದು ಬೆಳಿಗ್ಗೆ ಓಣಿಯ ಕಟ್ಟೆಗಳ ಮೇಲೆ ಗಂಡಸರ ಹೊಟ್ಟೆ ಸುತ್ತಿದೆ. ಮೊದಲ ದಿನವೇ ಬಸಣ್ಣನವರು, “ಜುಬ್ಬಾ ಹೊಲಿಸ್ಕೊಡ್ತೀರೇನ್ರಿ? ತೋಳು ಉದ್ದ ಇರ್ಲಿ,” ಎಂದರು. ಎರಡನೆಯ ವಾರಕ್ಕೆ ಇಬ್ಬರು ನಿಜವಾಗಿಯೂ ಬಟ್ಟೆ ತಂದುಕೊಟ್ಟರು.

ಕೊನೆಯಲ್ಲಿ ಡಬ್ಬಿಗಳನ್ನು ವಾಪಸು ಪಡೆದು, ಉಳಿದ ಪುಡಿಯನ್ನು ತೂಗಿ, ಯಾರು ಎಷ್ಟು ಕುಡಿದರೆಂದು ಲೆಕ್ಕ ಹಾಕಬೇಕಿತ್ತು. ಆದರೆ ನಮ್ಮ ಕಡೆ ಇನ್ನೊಬ್ಬರ ಮನೆಯ ಡಬ್ಬಿಯನ್ನು ಖಾಲಿ ಕಳಿಸುವ ಪದ್ಧತಿಯಿಲ್ಲ. ಬಸಣ್ಣನವರ ಮನೆಯಿಂದ ಶೇಂಗಾ ಚಟ್ನಿಪುಡಿ ಬಂತು. ಎದುರುಮನೆಯಿಂದ ಅವಲಕ್ಕಿ. ಹರಿಹರದ ಡಬ್ಬಿಗಳು ಕರ್ಜಿಕಾಯಿ ತುಂಬಿಕೊಂಡು ಬಂದವು. ತೂಗಿದೆ. ಎಲ್ಲ ಡಬ್ಬಿಗಳೂ ಕೊಟ್ಟದ್ದಕ್ಕಿಂತ ಭಾರವಾಗಿದ್ದವು!

ಆದರೂ ಟೇಪಿನ ಅಳತೆಗಳಿದ್ದವು. ಕೂಡಿಸಿ ಕಳೆದು ನೋಡಿದೆ. ಕೆಂಪು ದಾರದವರಿಗೂ ಹಸಿರು ದಾರದವರಿಗೂ ಹೊಟ್ಟೆ ಸಮಸಮವಾಗಿ ಇಳಿದಿತ್ತು. ಒಂದು ಭಾನುವಾರ ಎಲ್ಲರನ್ನೂ ಮನೆಗೆ ಕರೆಸಿದೆ. ಹರಿಹರದಿಂದ ಚಂದ್ರಪ್ಪನೂ ಬಂದ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎದ್ದು ನಿಂತೆ.

“ಸಭಿಕರೇ, ಕಷಾಯಕ್ಕೂ ಗೋಧಿಹಿಟ್ಟಿಗೂ ಎಳ್ಳಷ್ಟೂ ವ್ಯತ್ಯಾಸವಿಲ್ಲವೆಂದು ಈ ಬಹುಕೇಂದ್ರ ಪ್ರಯೋಗ ಸಂದೇಹಕ್ಕೆಡೆಯಿಲ್ಲದಂತೆ ಸಾಬೀತುಪಡಿಸಿದೆ. ಗೌರಮ್ಮ, ಕಾಫಿ ತಾ!”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಗೌರಮ್ಮ ಕೇಳಿದಳು: “ಗೋಧಿಹಿಟ್ಟು ಯಾರು ಕುಡಿದ್ರು?”

“ಹಸಿರು ದಾರದವರು! ಅಥವಾ ಕೆಂಪು. ನನಗೆ ತಿಳಿಯಬಾರದು.”

“ಅಯ್ಯ, ಎಲ್ಲಾದ್ರಾಗೂ ಕಷಾಯದ ಪುಡೀನೇ ಹಾಕಿದ್ದೆ. ಮದ್ದು ಅಂತ ನಂಬಿ ಕೈ ಚಾಚ್ದೋರಿಗೆ ಗೋಧಿಹಿಟ್ಟು ಕೊಡೋದಾ? ಬಸಣ್ಣಾರು ಪಾಪ ಹೊಟ್ಟೆ ಹಿಡ್ಕೊಂಡು ಬಂದಿದ್ರು. ನನ್ನ ಕೈಲಿ ಆಗ್ಲಿಲ್ರೀ.”

ನಾನು ಕೇಳಿದೆ: “ಮತ್ತೆ ನಾನು ಹುರಿಸಿದ ಅಷ್ಟು ಹಿಟ್ಟು?”

“ಮಧ್ಯಾಹ್ನ ಮಧ್ಯಾಹ್ನ ಏನು ತಿಂತಿದ್ರಿ? ತುಪ್ಪ ಹಾಕಿ ಉಂಡೆ ಕಟ್ಟಿದ್ದೆ. ‘ಚಲೋ ಆಗೈತೆ, ಇನ್ನೊಂದು ಕೊಡು’ ಅಂತಿದ್ರಲ್ಲ!”

ಎರಡು ಊರುಗಳಲ್ಲಿ ಹರಡಿದ್ದ ಆ ಪ್ರಯೋಗದಲ್ಲಿ ಹುಸಿಮದ್ದನ್ನು ಸೇವಿಸಿದ ಏಕೈಕ ವ್ಯಕ್ತಿ ಅದರ ಸಂಶೋಧಕನೇ ಆಗಿದ್ದ! ಚಂದ್ರಪ್ಪ ಮಾತ್ರ ಸಂತೋಷದಿಂದ ತೊಡೆ ತಟ್ಟಿ, “ಹಂಗಾದ್ರೆ ನಮ್ಮದೂ ಒಂದನೇದೇ ಆಯ್ತಲ್ಲಕ್ಕಾ!” ಎಂದ.

ನಾನು ಸೋಲೊಪ್ಪಲಿಲ್ಲ. ಇಂದಿಗೂ ಒಪ್ಪಿಲ್ಲ. ಹೋಲಿಕೆಗೆ ಇನ್ನೊಂದು ಗುಂಪೇ ಇಲ್ಲವೆಂದ ಮೇಲೆ, ಹೊಟ್ಟೆ ಇಳಿದದ್ದು ಕಷಾಯದಿಂದಲೇ ಎನ್ನುವಂತಿಲ್ಲ. ಆದುದರಿಂದ ಕಷಾಯ ಗೆದ್ದಿಲ್ಲ. ಗೆಲ್ಲದಿದ್ದರೆ ಕರಾರಿನ ಪ್ರಕಾರ ಕಾಫಿ ನನ್ನದು ಎಂದು ಅಲ್ಲಿಯೇ ವಾದಿಸಿದೆ. ಇಂದಿಗೂ ಆ ವಾದದಲ್ಲಿ ಬಿರುಕಿಲ್ಲ. ಬಸಣ್ಣನವರು, “ಅದೇನೋ ಗೊತ್ತಿಲ್ರಿ, ಹೊಟ್ಟೆ ಹಗುರಾಗಿದ್ದು ನಿಜಾ,” ಎಂದು ಇನ್ನೊಂದು ಡಬ್ಬಿ ಪುಡಿ ಕೇಳಿದರು. ವರದಿಯನ್ನು ಹೊರದೇಶದ ಗುರುಗಳಿಗೆ ಕಳಿಸಿದೆ. ಅವರ ಇ-ಮೇಲು ಚಿಕ್ಕದಾಗಿತ್ತು: ‘ನಾವು ಕೇಳಿದ್ದು ಪ್ರಯೋಗದ ಯೋಜನೆಯನ್ನು ಮಾತ್ರ. ಮಾಡಲು ಹೇಳಿದವರು ಯಾರು?’ ಅದಕ್ಕೂ ನಾನು ಖಂಡನೆ ಬರೆದಿದ್ದೇನೆ.

ಇಷ್ಟಾಗಿಯೂ ನನ್ನ ವಾದಕ್ಕೆ ಮಣಿದು ಗೌರಮ್ಮ ಮರುದಿನವೇ ಕಾಫಿ ಮಾಡಿದಳು ಎಂಬುದು ನನ್ನ ಸ್ಪಷ್ಟವಾದ ನೆನಪು. ಆ ಡಿಕಾಕ್ಷನ್ನಿನ ವಾಸನೆ ಈಗಲೂ ಮೂಗಿನಲ್ಲಿದೆ. ಈ ಲೇಖನಕ್ಕಾಗಿ ಅಟ್ಟದಿಂದ ಆ ವರ್ಷದ ಕ್ಯಾಲೆಂಡರು ಇಳಿಸಿ ತಾಳೆ ನೋಡಿದೆ. ಹೌದು, ಸಭೆಯ ಮರುದಿನದ ಸೋಮವಾರದ ಚೌಕದಲ್ಲಿ ‘ಒಂದು’ ಎಂದೇ ಇದೆ! ಪಕ್ಕದಲ್ಲಿ ಅವಳದೇ ಕೈಬರಹ: ‘ಬಸಣ್ಣಾರು ಬಂದಿದ್ರು, ಕಾಫಿ.’ ಮುಂದಿನ ಚೌಕದಿಂದ ಡಿಸೆಂಬರಿನ ಕೊನೆಯ ಚೌಕದವರೆಗೆ ‘ಅರ್ಧ’, ‘ಅರ್ಧ’, ‘ಅರ್ಧ’.

ವಾಸನೆ ನಿಜ. ಲೋಟ ಬಸಣ್ಣನವರದು. ಈ ದಾಖಲೆಯ ಪ್ರಾಮಾಣ್ಯವನ್ನು ನಾನು ಒಪ್ಪುವುದಿಲ್ಲ. ವಿವರವಾಗಿ ಖಂಡಿಸಲೆಂದೇ ಕುಳಿತಿದ್ದೇನೆ. ಪಕ್ಕದಲ್ಲಿ ಕಷಾಯ ಆರುತ್ತಿದೆ.