ನಾಗಸೇನ ಮಾಸ್ತರ್ರ ತತ್ತಿ ಮೀಟರ್

ಎಲ್ಲಾ ಗದ್ದಲಕ್ಕೂ ಕಾರಣ ಅರ್ಧಾ ತತ್ತಿ ಸಿಪ್ಪಿ.

ಭಾಲ್ಕಿ ಸಾಲ್ಯಾಗ ವಿಜ್ಞಾನ ಕಲಿಸೋ ನಾಗಸೇನ ಮಾಸ್ತರ್ರಿಗೆ ಅವರಪ್ಪ ಗೋರಖನಾಥರು ಬಿಟ್ಟುಹೋದ ಆಸ್ತಿ ಅಂದ್ರ ಒಂದು ರೀಲ್ ಕ್ಯಾಮರಾ. ಅದರೊಳಗಿನ ಬೆಳಕು ಅಳೆಯೋ ಮೀಟರ್ ಅಪ್ಪನಕಿಂತ ಮೊದಲೇ ತೀರಿಕೊಂಡಿತ್ತು. ಬೆಳಕು ಎಷ್ಟದ ಅಂತ ಗೊತ್ತಿಲ್ಲದೆ ಒತ್ತಿದ್ರ ಫೋಟೋ ಒಂದೋ ಸುಣ್ಣ, ಇಲ್ಲಾ ಇದ್ದಲಿ.

ಬೀದರದ ಮೂಢನಂಬಿಕೆ ವಿರೋಧಿ ಬಳಗಕ್ಕ ಇದೇ ಮಾಸ್ತರ್ರು ಉಪಾಧ್ಯಕ್ಷರು. ಹೋದ ಮೀಟಿಂಗಿನಾಗ ಹೊಸ ಕ್ಯಾಲೆಂಡರಿನ ಮುಖಪುಟಕ್ಕ ಫೋಟೋ ಯಾರು ತೆಗೀಬೇಕು ಅನ್ನೋ ಮಾತು ಬಂತು. ಕಾರ್ಯದರ್ಶಿ ಅಶ್ವಜಿತ ತನ್ನ ಹೊಸಾ ಮೊಬೈಲ್ ಅಂಗಿಗೆ ಒರೆಸಿಕೋತ, "ಸರ, ಈಗಿನ ಕಾಲದಾಗ ರೀಲ್ ಕ್ಯಾಮರಾ ಅಂದ್ರ ಟಾಂಗಾ ಹೂಡಿ ವಿಮಾನದ ಬೆನ್ನು ಹತ್ತಿದಂಗರಿ," ಅಂದ.

ಮಾಸ್ತರ್ರ ಕಿವಿ ಕೆಂಪಾದವು. "ನಿನ್ನ ಮೊಬೈಲ್ ಫೋಟೋ ಮುಖಪುಟಕ್ಕ ಬಂದ್ರ ನಮ್ಮಪ್ಪನ ಕ್ಯಾಮರಾ ನಿನಗ!"

ಅಂದಮ್ಯಾಲ ನಾಲಿಗಿ ಕಚ್ಚಿಕೊಂಡರು. ಅಷ್ಟರಾಗ ಅಶ್ವಜಿತ ಅದನ್ನ ರೆಕಾರ್ಡ್ ಮಾಡಿಕೊಂಡಿದ್ದ.

ಇವತ್ತು ಐತವಾರ. ರೀಲಿನ್ಯಾಗ ಉಳಿದಿದ್ದು ಒಂದೇ ಒಂದು ಫೋಟೋ. ರೀಲು ತೊಳೆಯೋದು ಹೈದರಾಬಾದಿನ್ಯಾಗ, ಸಂಜಿ ಬಸ್ಸಿಗೆ ಕಳಿಸಲೇಬೇಕು. ಯಾರದು ತೆಗೀಬೇಕು ಅನ್ನೋದು ಮಾಸ್ತರ್ರ ಮನಸಿನ್ಯಾಗ ಮೊದಲೇ ಠರಾವ್ ಆಗಿತ್ತು: ಬಾಜೂ ಮನಿ ಖುರ್ಷಿದ ಬೇಗಂ. ಎಪ್ಪತ್ತು ದಾಟಿದ ಮ್ಯಾಲ ಓದಲಿಕ್ಕೆ ಕಲಿತು, ದಿನಾ ಬಾಗಲಾಗ ಕುಂತು ಪೇಪರ್ ಓದೋ ಮುದುಕಿ. ಅರಿವು ಅಂದ್ರ ಇದಕ್ಕಿಂತ ಇನ್ನೇನು?

ಉಳಿದಿದ್ದು ಬೆಳಕು ಅಳೆಯೋ ಕೆಲಸ. ಮಾಸ್ತರ್ರು ತಮ್ಮ ಮೊಬೈಲಿಗೆ ಮೀಟರ್ ಆ್ಯಪ್ ಹಾಕಿಕೊಂಡರು. ಅದರ ಕಣ್ಣಿನ ಮ್ಯಾಲ ಎಲ್ಲಾ ಕಡಿ ಬೆಳಕು ಹಿಡಿಯೋ ಬಿಳಿ ಗುಮ್ಮಟ ಬೇಕು. ಚಹಾ ಸೋಸೋ ಜಾಳಿಗಿ ಇಟ್ಟು ನೋಡಿದರು, ಆಗಲಿಲ್ಲ. ಚಟ್ನಿ ಬಟ್ಟಲಾ ಇಟ್ಟು ನೋಡಿದರು, ಮೊಬೈಲಿಗೆ ಬೆಳ್ಳುಳ್ಳಿ ವಾಸನಿ ಬಂತು. ಕಡೀಕ ಮುಂಜಾನಿ ಆಮ್ಲೇಟಿನ ಅರ್ಧಾ ಸಿಪ್ಪಿ ತೊಳೆದು, ಸೈಕಲ್ ಪಂಕ್ಚರಿನ ಗೋಂದು ಹಚ್ಚಿ ಕೂಡಿಸಿದರು. ಗೋಳಗುಮ್ಮಟದಂಗ ಕುಂತಿತು.

ಹೆಂಡತಿ ಸುಮನ ನೋಡಿ, "ರೀ, ಮೊಬೈಲಿಗೆ ಬಾವು ಬಂದದೇನ್ರಿ?" ಅಂದಳು.

ಖುರ್ಷಿದ ಬೇಗಂ ಮುಂದ ನಿಂತು ಮಾಸ್ತರ್ರು ಮೀಟರನ್ನ ಹಣಿ ಹತ್ತಿರ, ಎಡಗಲ್ಲ, ಬಲಗಲ್ಲ, ಗದ್ದದ ಕೆಳಗ ತಿರುವಿದರು. ಬಾಯಾಗ ಕ್ಯಾಮರಾದ ಲೆಕ್ಕ: "ಎಂಟು... ನೂರಿಪ್ಪತ್ತೈದು... ಐದೂವರಿ... ಅರವತ್ತು... ಖಾಲಾ, ಬೆಳಕಿನ ಕಡಿ ಜರಾ ಮುಖಾ ತಿರುಗಿಸ್ರಿ. ಇನ್ನೂ. ಇನ್ನೂ."

ಮುದುಕಿ ಕುತ್ತಿಗಿ ಲಟಕ್ ಅಂತು.

"ಯಾ ಅಲ್ಲಾ! ಗುರುವಾರದಿಂದ ಹಿಡಕೊಂಡಿದ್ದ ಕುತ್ತಿಗಿ ಬಿಟ್ಟಿತಲ್ಲೋ ಬೇಟಾ! ಯಾರದೋ ಕೆಟ್ಟ ಕಣ್ಣಿನ ನಜರ್ ಆಗಿತ್ತು ನಂಗ. ತತ್ತಿ ತಿರುವಿ ತೆಗದಿ ನೋಡು!"

"ಖಾಲಾ, ಇದು ನಜರ್ ಅಲ್ರಿ, ಬೆಳಕಿನ ಮೀಟರ್ರಿ!"

"ಹೌದಪಾ. ವಿದ್ಯಾ ಇದ್ದವರು ಹಿಂಗೇ ಮುಚ್ಚಿ ಇಡತಾರ."

ಸುದ್ದಿ ಗಲ್ಲಿ ತುಂಬಾ ಹರಡಲಿಕ್ಕೆ ಒಂದು ಚಹಾ ಕುಡಿಯೋವಷ್ಟು ಹೊತ್ತೂ ಹಿಡಿಲಿಲ್ಲ. ಬಾಬುಮಿಯಾ ಕೆಟ್ಟ ಆಟೋ ನೂಕಿಸಿಕೋತ ಬಂದ. "ಮಾಸ್ತರ್, ಇದಕ್ಕೂ ಒಮ್ಮೆ ತಿರುವ್ರಿ." ಮಾಸ್ತರ್ರು ಬೆಳಕು, ಕಿರಣ, ವಿಜ್ಞಾನ ಅಂತ ಭಾಷಣಾ ಶುರು ಮಾಡಿದರು. ಬಿಸಿಲು ಮಾತ್ರ ಯಾರ ಭಾಷಣಾನೂ ಕೇಳದೆ ಜಾರಲಿಕತ್ತಿತ್ತು. ತಿರುವಿದ್ರ ತೊಲಗ್ಯಾರು ಅಂತ ತಿರುವಿದರು. ಹಿಂದ ನಾಕು ಮಂದಿ ನೂಕಿದರು, ಆಟೋ ಚಾಲೂ ಆತು. ನೂಕಿದವರ ಹೆಸರು ಯಾರೂ ಹೇಳಲಿಲ್ಲ.

ಕಾಶೀರಾಮ ಒದೆಯೋ ಎಮ್ಮಿ ಹೊಡಕೊಂಡು ಬಂದ. ಮೂಗಿನ ಮುಂದ ತತ್ತಿ ನೋಡಿ ಎಮ್ಮಿ ಗಾಬರಿಯಾಗಿ, ಒದೆಯೋದು ಮರೆತು ನಿಂತಿತು. ಮಂದಿ ಚಪ್ಪಾಳಿ ಹೊಡೆದರು.

ಮಾಸ್ತರ್ರಿಗೆ ಗಂಟಲಾ ಒಣಗಿತು. ಮೀಟರನ್ನ ಕಟ್ಟಿ ಮ್ಯಾಲಿಟ್ಟು, ನೀರು ಕುಡಿದು ಬರೂದರಾಗ ಕಟ್ಟಿ ಖಾಲಿ.

"ಖಾಲಾ, ನನ್ನ ತತ್ತಿ?"

"ಫಿಕರ್ ಮಾಡಬ್ಯಾಡ. ಗಲ್ಲಿ ಮಂದಿ ನಜರೆಲ್ಲಾ ಅದರಾಗ ತುಂಬಿತ್ತು. ಮನ್ಯಾಗ ಇಟ್ಟರ ನಿಂಗೇ ಹತ್ತತದ. ಅದಕ್ಕ ಬಾಬುಮಿಯಾನ ಕೈಲಿ ಕಳಿಸೀನಿ."

ಅಷ್ಟರಾಗ ಬಾಬುಮಿಯಾ ಎದಿ ಉಬ್ಬಿಸಿಕೊಂಡು ಬಂದ. "ಮೂರು ದಾರಿ ಕೂಡೋದರಾಗ ಇಟ್ಟು, ಆಟೋ ಹತ್ತಿಸಿ ಬಂದೀನ್ರಿ ಮಾಸ್ತರ್. ಹಿಂದ ತಿರುಗಿ ನೋಡಿಲ್ಲ!"

"ಅದರ ಕೆಳಗ ನನ್ನ ಮೊಬೈಲ್ ಇತ್ತಲ್ಲೋ ಭಾಯ್!"

ಖುರ್ಷಿದ ಬೇಗಂ ಸಮಾಧಾನ ಹೇಳಿದಳು: "ಅದಕ್ಕೂ ನಜರ್ ಹತ್ತಿತ್ತು ಬಿಡು."

ಮಾಸ್ತರ್ರು ಮೆಟ್ಟಲಾ ಮ್ಯಾಲ ಕುಸಿದರು. ಬಿಸಿಲು ಗ್ವಾಡಿ ಏರಲಿಕತ್ತಿತ್ತು. ಮುದುಕಿಗೆ ಪಾಪ ಅನಿಸಿತು. ಒಳಗಿಂದ ಹೊಸಾ ತತ್ತಿ ತಂದು ಅವರ ಮುಖದ ಸುತ್ತ ತಿರುವಲಿಕ್ಕೆ ಹತ್ತಿದಳು.

ಬ್ಯಾಡ ಅನ್ನಲಿಕ್ಕೆ ತಲಿ ಎತ್ತಿದ ಮಾಸ್ತರ್ರು ಹಂಗೇ ತತ್ತಿ ದಿಟ್ಟಿಸಿದರು. ಬೆಳ್ಳಗಿನ ತತ್ತಿ. ಒಂದು ಬಾಜೂ ಬೆಳಕು, ಒಂದು ಬಾಜೂ ನೆರಳು, ನಡುವ ನುಣ್ಣಗಿನ ಗೆರಿ. ಮೀಟರ್ ಸತ್ತಮ್ಯಾಲ ಅಪ್ಪ ಹಿಂಗೇ ಬಿಳಿ ಚಹಾ ಕಪ್ಪಿನ ನೆರಳು ನೋಡಿ ಲೆಕ್ಕ ಹಾಕತಿದ್ದ!

ಮಾಸ್ತರ್ರು ಅರ್ಧಾ ಕಣ್ಣು ಮುಚ್ಚಿ, ಎರಡೂ ಕೈ ಮ್ಯಾಲ ಎತ್ತಿದರು. "ಹಾಂ ಖಾಲಾ, ಹಂಗ! ಎಡಕ್ಕ... ಹಣಿ ಹತ್ತಿರ... ಇನ್ನೊಮ್ಮೆ ತಿರುವ್ರಿ! ಹಾ ಹಾ... ಈಗ ಬಂತು ನೋಡ್ರಿ!"

ಮುದುಕಿ ಹಿಂದ ಯಾರೋ ಕೆಮ್ಮಿದಂಗಾತು. ಲಕ್ಷ್ಯ ಕೊಡಲಿಲ್ಲ. ಕ್ಯಾಮರಾ ಎತ್ತಿ, ಮುದುಕಿ ಕೈಯಾಗ ಪೇಪರ್ ಕೊಟ್ಟು, ಕಡೀ ಫೋಟೋ ಒತ್ತಿದರು. ರೀಲು ಬಸ್ ಹತ್ತಿತು.

ಹೈದರಾಬಾದಿನಿಂದ ಬಂದ ಫೋಟೋ ಅಪ್ಪನೇ ತೆಗೆದಂಗ ಇತ್ತು. ಮುದುಕಿ ಮುಖದ ಒಂದೊಂದು ಗೆರಿ ಬಾಯಿ ಬಿಟ್ಟು ಮಾತಾಡತಿತ್ತು. ಮಾಸ್ತರ್ರು ಮೀಸಿ ತಿರುವಿಕೋತ ಮೀಟಿಂಗಿಗೆ ಹೋದರು.

ಮೇಜಿನ ಮ್ಯಾಲ ಮುಖಪುಟ ಆಗಲೇ ತಯಾರಿತ್ತು. ಅದರಾಗ ಸ್ವತಃ ಮಾಸ್ತರ್ರು: ಅರ್ಧಾ ಕಣ್ಣು ಮುಚ್ಚಿ, ಎರಡೂ ಕೈ ಎತ್ತಿ, ಹಣಿ ಮುಂದ ತತ್ತಿ. ಕೆಳಗ ದಪ್ಪ ಅಕ್ಷರ: "ಕಲಿತವರೇ ಹಿಂಗಾದ್ರ ಹ್ಯಾಂಗ?"

"ಬೀಗರ ಮನಿಗೆ ಹೊಂಟಿದ್ದೆ ಸರ, ದಾರ್ಯಾಗ ಸಿಕ್ಕಿತು," ಅಂದ ಅಶ್ವಜಿತ. "ಬೆಳಕು ಹ್ಯಾಂಗ ಬಂದದ ನೋಡ್ರಿ. ಮೀಟರ್ ಗೀಟರ್ ಏನೂ ಇಲ್ಲ."

ಮಾಸ್ತರ್ರು ಫೋಟೋ ದಿಟ್ಟಿಸಿ ನೋಡಿದರು. ಸುಳ್ಳು ಹೇಳಲಿಕ್ಕೆ ಬಾಯಿ ಬರಲಿಲ್ಲ. ಬೆಳಕು ಖರೇನೇ ಚಲೋ ಬಂದಿತ್ತು. ಕೊರಳಿನ ಕ್ಯಾಮರಾ ಬಿಚ್ಚಿ ಮೇಜಿನ ಮ್ಯಾಲಿಟ್ಟರು. ಅಶ್ವಜಿತ ಅದನ್ನ, ಕ್ಯಾಲೆಂಡರ್ ಹಾರಬಾರದು ಅಂತ, ಹಾಳಿ ಕಟ್ಟಿನ ಮ್ಯಾಲ ಇಟ್ಟ.

ಕ್ಯಾಲೆಂಡರು ಬೀದರ, ಭಾಲ್ಕಿ, ಔರಾದದ ಸಾಲಿಗೆಲ್ಲಾ ಹೋತು. ಮಾಸ್ತರ್ರ ಸಾಲ್ಯಾಗ ಹೆಡ್ ಮೇಡಮ್ ಹಮೀದುನ್ನಿಸಾ ಅವರೇ ನಿಂತು ಮೊಳಿ ಹೊಡೆಸಿ ತೂಗುಹಾಕಿಸಿದರು. "ನಾಚಿಕಿ ಆಗಬೇಕ್ರಿ ನಿಮಗ," ಅಂತ ಎಲ್ಲಾರ ಮುಂದ ಬೈದರು.

ಮಂದಿ ಎಲ್ಲಾ ಕ್ಲಾಸಿಗೆ ಹೋದಮ್ಯಾಲ ಮೇಡಮ್ ಬಾಗಲಾ ಮುಚ್ಚಿದರು. ಪರ್ಸಿನ್ಯಾಗಿಂದ ಕರವಸ್ತ್ರದಾಗ ಸುತ್ತಿದ ತತ್ತಿ ಮೆಲ್ಲಕ ತೆಗೆದರು.

"ಮಾಸ್ತರ್, ತಲಿ ಸಿಡೀಲಿಕತ್ತಿ ವಾರ ಆತ್ರಿ. ಯಾರಿಗೂ ಹೇಳಬ್ಯಾಡ್ರಿ..."

ಮಾಸ್ತರ್ರು ಗ್ವಾಡಿ ಮ್ಯಾಗಿನ ತಮ್ಮ ಫೋಟೋ ಒಮ್ಮೆ ನೋಡಿಕೊಂಡರು, ತತ್ತಿ ಒಮ್ಮೆ ನೋಡಿದರು.

"ಕಿಟಕಿ ಕಡಿ ಬರ್ರಿ ಮೇಡಮ್," ಅಂದರು. "ಅಲ್ಲಿ ಬೆಳಕು ಚಲೋ ಅದ."